ಬಯಲುಸೀಮೆಯ ಕೀಲುನೋವು

ಕೀಲುನೋವಿಗೂ ಒಂದು ಚರಿತ್ರೆಯುಂಟೆ ಎಂದು ಯಾರಾದರೂ ಕೇಳಿಯಾರು. ರಾಜರಿಗೆ ಚರಿತ್ರೆಯುಂಟು, ದೇವಾಲಯಗಳಿಗೆ ಉಂಟು. ಮುದುಕರ ಮೊಣಕಾಲಿಗೆ ಎಲ್ಲಿಯ ಚರಿತ್ರೆ? ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಮಟ್ಟಿಗೆ ಹೇಳುವುದಾದರೆ ಖಂಡಿತವಾಗಿ ಉಂಟು. ಇಲ್ಲಿಯ ಜನ ಯಾವ ನೀರನ್ನು ಕುಡಿದರು, ಎಲ್ಲಿಂದ ಸೇದಿ ತಂದರು, ಆ ನೆಲೆಯನ್ನು ಯಾವಾಗ ಬದಲಾಯಿಸಿದರು ಎಂಬುದರಲ್ಲಿ ಆ ಚರಿತ್ರೆಯ ಬಹುಭಾಗ ಅಡಗಿದೆ.

ಈ ಸೀಮೆ ೧೮೦೦ರಲ್ಲಿ ನಿಜಾಮನಿಂದ ಕುಂಪಣಿಯ ಕೈಸೇರಿ, ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತದಲ್ಲಿದ್ದು, ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ನಡುವೆ ಕೆಲವು ವರ್ಷ ಹರಪನಹಳ್ಳಿ ದಾವಣಗೆರೆಯ ಪಾಲಾಗಿತ್ತು. ೨೦೨೧ರಿಂದ ಐದೂ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆ ಹರಪನಹಳ್ಳಿ, ಹಡಗಲಿಗಳ ಅಂಚನ್ನು ಮುಟ್ಟಿಕೊಂಡು ಹೋಗುತ್ತಾಳೆ; ಹಗರಿಬೊಮ್ಮನಹಳ್ಳಿಯ ಕಡೆ ಅಣೆಕಟ್ಟಿನ ಹಿನ್ನೀರು ಚಾಚಿಕೊಂಡಿದೆ. ಕೊಟ್ಟೂರು ಕೂಡ್ಲಿಗಿಗಳಿಗೆ ಆ ಭಾಗ್ಯವೂ ಇಲ್ಲ. ೧೯೫೩ರಲ್ಲಿ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟಾಗ ಅದು ಹರಿದದ್ದು ತಗ್ಗಿನ ಕಡೆಗೆ, ಎಂದರೆ ಬಳ್ಳಾರಿ, ಸಿರುಗುಪ್ಪ, ರಾಯಚೂರುಗಳ ಕಡೆಗೆ. ನೀರು ಮೇಲಕ್ಕೆ ಹರಿಯದಷ್ಟೆ. ಎತ್ತರದಲ್ಲಿ ಉಳಿದ ಈ ಮಸಾರಿ ನೆಲದ ಜನರಿಗೆ ಮಳೆ, ಕೆರೆ, ಬಾವಿ, ಇವೇ ಗತಿ.

ಹಿಂದಿನವರು ಕೀಲುನೋವನ್ನು ಏನೆಂದು ತಿಳಿದಿದ್ದರು? ವಾಯು ಎಂದು. ಚರಕ ಸಂಹಿತೆ ವಾತದಿಂದಾಗುವ ವ್ಯಾಧಿಗಳನ್ನು ಎಂಬತ್ತೆಂದು ಎಣಿಸುತ್ತದೆ. ಕೀಲುಗಳು ಊದಿ ಜಡವಾಗುವ ಆಮವಾತವನ್ನು ಬೇರೆಯ ರೋಗವೆಂದು ಗುರುತಿಸಿ ಅದಕ್ಕೆಂದೇ ಒಂದು ಅಧ್ಯಾಯ ಬರೆದವನು ‘ಮಾಧವನಿದಾನ’ದ ಮಾಧವಕರ. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಬರೆದ, ಅದೇ ಶತಮಾನದಲ್ಲಿ ಚಾಲುಕ್ಯ ರಾಜಪುತ್ರ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ವನ್ನು ರಚಿಸಿದ. ಇವೆಲ್ಲಕ್ಕಿಂತ ನನಗೆ ಕುತೂಹಲವುಂಟುಮಾಡುವುದು ಸುಮಾರು ೧೦೨೫ರ ‘ಲೋಕೋಪಕಾರ’. ಅದರ ಕರ್ತೃ ಎರಡನೆಯ ಚಾವುಂಡರಾಯ. ನೆಲದೊಳಗಿನ ನೀರನ್ನು ಕಂಡುಹಿಡಿಯುವ ವಿದ್ಯೆ, ವೈದ್ಯ, ಅಡಿಗೆ, ಇವೆಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಬಾವಿ ತೋಡುವವನ ಕೆಲಸವೂ ವೈದ್ಯನ ಕೆಲಸವೂ ಒಂದೇ ಮನೆಯ ಎರಡು ಬಾಗಿಲು ಎಂಬಂತೆ ಅವನು ಕಂಡದ್ದು, ಮುಂದೆ ಹೇಳಲಿರುವ ಸಂಗತಿಗೆ ತೀರ ಹತ್ತಿರದ್ದು.

ಗ್ರಂಥಗಳ ಮಾತು ಹಾಗಿರಲಿ. ಮನೆಗಳಲ್ಲಿ ನಡೆದದ್ದು ಎಣ್ಣೆ ಮತ್ತು ಕಾವು. ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಮಂಡಿಗೆ ತಿಕ್ಕುವುದು, ಎಕ್ಕದ ಎಲೆಯನ್ನು ಬಾಡಿಸಿ ಕಟ್ಟುವುದು, ಲಕ್ಕಿ ಸೊಪ್ಪನ್ನು ಹಂಡೆಯಲ್ಲಿ ಕುದಿಸಿ ಆ ನೀರನ್ನು ಸೊಂಟದ ಮೇಲೆ ಎರೆಯುವುದು, ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಈ ಸೀಮೆಗೆ ಎಣ್ಣೆಯ ಮೇಲೆ ಎಷ್ಟು ಪ್ರೀತಿಯೆಂದರೆ, ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೇ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತದೆ! ಕೊಟ್ಟೂರಿನ ತೇರಿಗೆ ಹತ್ತಾರು ಹರಿದಾರಿ ನಡೆದು ಬರುವ ಭಕ್ತರ ಕಾಲಿಗೂ ರಾತ್ರಿ ತಂಗಿದಲ್ಲಿ ಬಿಸಿನೀರು, ಎಣ್ಣೆಗಳೇ ಆಸರೆ. ಈ ಉಪಚಾರಗಳನ್ನು ಅಜ್ಞಾನವೆಂದು ತಳ್ಳಿಹಾಕುವವರ ಪಂಕ್ತಿಗೆ ನಾನು ಸೇರಿದವನಲ್ಲ. ಬಿಸಿ ತಾಗಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ, ತಿಕ್ಕಿದರೆ ನೋವು ಶಮನವಾಗುತ್ತದೆ; ಇದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ನಸುಕಿನಲ್ಲಿ ಬಾಗಿ ಮಲ್ಲಿಗೆ ಮೊಗ್ಗು ಬಿಡಿಸಿ, ತಲೆಯ ಮೇಲೆ ಎರಡು ಕೊಡ ಹೊತ್ತು ಸವೆದ ಮಂಡಿಗೆ ಅದು ತಕ್ಕ ಉಪಚಾರವೇ ಸರಿ. ಸವೆತದ ನೋವಿಗೆ ಇನ್ನೊಂದು ಮದ್ದು ಚಲನೆ. ನೋವೆಂದು ಮೂಲೆ ಹಿಡಿದವನ ಕೀಲು ಇನ್ನಷ್ಟು ಬಿಗಿಯುತ್ತದೆ. ದಿನವೂ ಒಂದಿಷ್ಟು ನಡೆದು, ತೊಡೆಯ ಸ್ನಾಯುಗಳಿಗೆ ಕೆಲಸ ಕೊಟ್ಟವನ ಮಂಡಿ ಹೆಚ್ಚು ಕಾಲ ಬಾಳುತ್ತದೆ.

ಆದರೆ ಎಲ್ಲ ಕೀಲುನೋವೂ ಸವೆತದ್ದಲ್ಲ. ಇಲ್ಲಿಂದಲೇ ಚರಿತ್ರೆ ತೊಡಗುವುದು.

ಅರುವತ್ತು ದಾಟಿದ ಓದುಗರು ನಾರುಹುಣ್ಣನ್ನು ಮರೆತಿರಲಾರರು. ಬಯಲುಸೀಮೆಯ ಮೆಟ್ಟಿಲು ಬಾವಿಗಳಲ್ಲಿ ಜನ ಇಳಿದು, ಕಾಲು ನೆನೆಸಿಕೊಂಡು ಕೊಡ ತುಂಬುತ್ತಿದ್ದರು. ಹುಣ್ಣಿದ್ದವನ ಕಾಲು ನೀರಿಗೆ ತಾಗಿದೊಡನೆ ಹುಳು ತನ್ನ ಮರಿಗಳನ್ನು ಬಿಡುತ್ತಿತ್ತು. ಅವು ನೀರಿನಲ್ಲಿರತಕ್ಕ ಸೂಕ್ಷ್ಮ ಜೀವಿಯೊಂದರ ಹೊಟ್ಟೆ ಸೇರುತ್ತಿದ್ದುವು. ಸೋಸದೆ ಆ ನೀರು ಕುಡಿದವನ ಮೈಯಲ್ಲಿ ಒಂದು ವರ್ಷದ ಅನಂತರ ಮೊಳಕ್ಕಿಂತ ಉದ್ದದ ಹುಳು ಚರ್ಮ ಸೀಳಿಕೊಂಡು ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲದಷ್ಟು ಎಳೆಯುವುದೊಂದೇ ಉಪಾಯ. ಹುಳು ಮೊಣಕಾಲಿನ ಅಥವಾ ಹರಡಿನ ಕೀಲಿನ ಬಳಿ ಸೇರಿಕೊಂಡರೆ ಆ ಕೀಲು ಊದಿ, ಕೀವಾಗಿ, ಕಾಲು ಶಾಶ್ವತವಾಗಿ ಮಡಿಸಿಕೊಂಡುಬಿಡುವುದೂ ಉಂಟು. ಬಿತ್ತನೆಯ ಹೊತ್ತಿನಲ್ಲಿ ಮನೆಯ ದುಡಿಯುವ ಆಳು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆ ಹೋಯಿತೆಂದೇ ಲೆಕ್ಕ.

ಈ ಪಿಡುಗನ್ನು ದೇಶದಿಂದ ಕಿತ್ತುಹಾಕಿದ್ದು ನಿಜವಾಗಿಯೂ ಹೆಮ್ಮೆಪಡತಕ್ಕ ಸಂಗತಿ. ೧೯೮೩-೮೪ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕವೂ ರೋಗವಿದ್ದ ರಾಜ್ಯಗಳಲ್ಲೊಂದು. ಬಟ್ಟೆಯಲ್ಲಿ ನೀರು ಸೋಸುವುದನ್ನು ಮನೆಮನೆಗೆ ಕಲಿಸಿದರು, ಮೆಟ್ಟಿಲು ಬಾವಿಗಳನ್ನು ಮುಚ್ಚಿಸಿದರು ಇಲ್ಲವೆ ಕಟ್ಟೆ ಕಟ್ಟಿಸಿ ಸೇದುವ ಬಾವಿಗಳನ್ನಾಗಿ ಮಾಡಿಸಿದರು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು ೧೯೯೬ರಲ್ಲಿ, ರಾಜಸ್ಥಾನದಲ್ಲಿ. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ಈ ರೋಗದಿಂದ ಮುಕ್ತವೆಂದು ಸಾರಿತು. ಇಂದಿನ ಮಕ್ಕಳಿಗೆ ನಾರುಹುಣ್ಣೆಂದರೆ ಅರ್ಥ ಹೇಳಿಕೊಡಬೇಕಾಗಿದೆ. ಪಾಠ ಹೇಳುವವನಿಗೆ ಇದಕ್ಕಿಂತ ಸಂತೋಷದ ತೊಂದರೆ ಬೇರೆ ಬೇಕೆ?

ತೆರೆದ ಬಾವಿ ಹೋದ ಮೇಲೆ ಬಂದದ್ದು ಕೊಳವೆ ಬಾವಿ. ೧೯೬೬-೬೭ರ ಬಿಹಾರದ ಬರದ ಬೆನ್ನಿಗೆ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ಯೂನಿಸೆಫ್ ಸಂಸ್ಥೆಯ ನೆರವಿನಿಂದ ನಮ್ಮ ದೇಶಕ್ಕೆ ಬಂದುವು. ೧೯೭೦ರ ದಶಕದಲ್ಲಿ ‘ಇಂಡಿಯಾ ಮಾರ್ಕ್ ೨’ ಎಂಬ ಕೈಪಂಪು ಸಿದ್ಧವಾಯಿತು. ಹಳ್ಳಿಯವರು ಅದನ್ನು ‘ಬೋರಿಂಗು’ ಎಂದೇ ಕರೆದರು. ಹಿಡಿ ಒತ್ತಿದರೆ ಸ್ಫಟಿಕದಂಥ ನೀರು. ಇಳಿಯಬೇಕಾದ್ದಿಲ್ಲ, ಹುಳುವಿಲ್ಲ, ಪಾಚಿಯಿಲ್ಲ. ಕಾಲರಾದ ಭಯವೂ ತಗ್ಗಿತು. ಬೇಸಿಗೆಯಲ್ಲಿ ಕೆರೆ ಒಣಗಿ, ಹಳ್ಳದಲ್ಲಿ ಒರತೆ ತೋಡಿ ಚಿಪ್ಪಿನಲ್ಲಿ ನೀರು ಮೊಗೆದವರಿಗೆ ಇದು ವರವಾಗಿ ಕಂಡುದರಲ್ಲಿ ಆಶ್ಚರ್ಯವೇನು?

ಆ ನೀರಿನಲ್ಲಿ ಏನಿತ್ತೆಂಬುದಕ್ಕೆ ಹೊರದೇಶದ ಕಥೆಯೊಂದನ್ನು ಮೊದಲು ಹೇಳಬೇಕು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನ ಜನರ ಹಲ್ಲಿನಲ್ಲಿ ಕಂದು ಕಲೆಗಳಿರುವುದನ್ನು ಮೆಕೇ ಎಂಬ ದಂತವೈದ್ಯ ೧೯೦೧ರಲ್ಲೇ ಗಮನಿಸಿದ್ದ. ಅದರ ಕಾರಣ ಸಿಕ್ಕುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ೧೯೩೧ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ (ಪ್ರಧಾನಿಯಾಗಿದ್ದ ಚರ್ಚಿಲ್ ಅಲ್ಲ, ಅವನ ಹೆಸರಿನವನು) ಇಂಥದೇ ಕಲೆಗಳಿದ್ದ ಇನ್ನೊಂದು ಊರಿನ ನೀರನ್ನು ಪರೀಕ್ಷಿಸಿ, ಅದರಲ್ಲಿ ಫ್ಲೋರೈಡು ಹೆಚ್ಚಾಗಿರುವುದನ್ನು ಕಂಡ. ಮರುವರ್ಷವೇ ಡೆನ್ಮಾರ್ಕಿನ ಇಬ್ಬರು ವೈದ್ಯರು, ಕ್ರಯೊಲೈಟ್ ಎಂಬ ಫ್ಲೋರೈಡು ಖನಿಜದ ಕಾರ್ಖಾನೆಯ ಕೂಲಿಗಳ ಎಲುಬುಗಳು ಆ ಧೂಳಿನಿಂದ ವಿಪರೀತ ಗಟ್ಟಿಯಾಗಿರುವುದನ್ನು ಕ್ಷಕಿರಣದ ಚಿತ್ರಗಳಲ್ಲಿ ತೋರಿಸಿದರು. ಹಲ್ಲಿನ ಕಲೆಗೂ ಎಲುಬಿನ ಕೇಡಿಗೂ ಮೂಲ ಒಂದೇ ಎಂದಾಯಿತು.

ನಮ್ಮ ಕಡೆ ಈ ರೋಗ ಮೊದಲು ಬೆಳಕಿಗೆ ಬಂದದ್ದು ೧೯೩೦ರ ದಶಕದ ನಡುವೆ, ಅದೂ ದನಗಳಲ್ಲಿ. ಕೀರ್ತಿವರ್ಮ ಬದುಕಿದ್ದರೆ ತನ್ನ ಗ್ರಂಥಕ್ಕೆ ಒಂದು ಅಧ್ಯಾಯ ಸೇರಿಸುತ್ತಿದ್ದನೋ ಏನೋ! ಅನಂತರ ೧೯೩೭ರಲ್ಲಿ ಶಾರ್ಟ್ ಎಂಬ ವೈದ್ಯವಿಜ್ಞಾನಿಯೂ ಅವರ ಮೂವರು ಸಹೋದ್ಯೋಗಿಗಳೂ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಕುರಿತು ಲೇಖನ ಪ್ರಕಟಿಸಿದರು. ಬೆನ್ನು ಮರದ ಕೊರಡಿನಂತೆ ಸೆಟೆದ, ಕುತ್ತಿಗೆ ಹೊರಳಿಸಲಾರದ ರೈತರು. ಎಲ್ಲರೂ ವಾಯುವೆಂದು ನಂಬಿಕೊಂಡವರು. ಕಾರಣ ಬಾವಿಯ ನೀರಿನ ಫ್ಲೋರೈಡು. ಆಗ ನಮ್ಮ ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು, ನಮ್ಮ ನೆಲದಡಿಯಲ್ಲಿಯೂ ಅಂಥದೇ ಗಟ್ಟಿ ಶಿಲೆಯಿತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ೧೯೭೩ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು, ಫ್ಲೋರೈಡು ನೀರಿನ ಸೀಮೆಯಲ್ಲಿ ಎಳೆಯರ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಬಾಗುವುದನ್ನು ಲೋಕಕ್ಕೆ ತಿಳಿಸಿದರು. ಮುಪ್ಪಿನ ರೋಗವೆಂದುಕೊಂಡದ್ದು ಹದಿಹರೆಯದವರನ್ನೂ ಹಿಡಿಯಬಲ್ಲದೆಂದು ಆಗ ತಿಳಿಯಿತು.

ಫ್ಲೋರೈಡು ನೀರಿಗೆ ಸೇರುವ ಬಗೆ ಸರಳವಾಗಿದೆ. ನಮ್ಮ ಗ್ರಾನೈಟು, ನೈಸ್ ಶಿಲೆಗಳಲ್ಲಿ ಈ ಅಂಶವಿರುವ ಖನಿಜಗಳು ಹುದುಗಿವೆ. ಮೇಲಿನ ಕೆರೆ ಬಾವಿಗಳ ನೀರು ವರ್ಷ ವರ್ಷವೂ ಮಳೆಯಿಂದ ಹೊಸದಾಗುತ್ತದೆ. ಆಳದ ಬಿರುಕುಗಳಲ್ಲಿ ನಿಂತ ನೀರು ಬಹುಕಾಲ ಕಲ್ಲಿನೊಡನೆ ಸಹವಾಸ ಮಾಡಿ ಅದರ ಗುಣವನ್ನು ಹೀರಿಕೊಳ್ಳುತ್ತದೆ. ಆ ನೀರಿನಲ್ಲಿ ಸುಣ್ಣದ ಅಂಶ ಕಡಮೆಯಿದ್ದು ಸೋಡದ ಅಂಶ ಹೆಚ್ಚಿದ್ದರೆ ಇನ್ನಷ್ಟು ಫ್ಲೋರೈಡು ಕರಗುತ್ತದೆ. ಇದರಲ್ಲೊಂದು ವಂಚನೆಯಿದೆ. ಸವುಳು ನೀರನ್ನು ನಾಲಗೆ ಹಿಡಿಯುತ್ತದೆ, ಕೊಳೆತದ್ದನ್ನು ಮೂಗು ಹಿಡಿಯುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಬೇಳೆ ಬೇಯುವುದು, ಸಾಬೂನು ನೊರೆಯಾಗುವುದು ಒಳ್ಳೆಯ ನೀರಿನ ಲಕ್ಷಣವೆಂದು ನಮ್ಮ ತಾಯಂದಿರು ನಂಬಿದ್ದರು. ಈ ಕೆಟ್ಟ ನೀರು ಕೆಲವೊಮ್ಮೆ ಆ ಎರಡು ಪರೀಕ್ಷೆಗಳಲ್ಲಿಯೂ ಉತ್ತೀರ್ಣವಾಗಿಬಿಡುತ್ತದೆ.

ಕೊಳವೆ ಬಾವಿ ಕೊರೆದವರನ್ನು ದೂರುವುದು ನ್ಯಾಯವಲ್ಲ. ನಾರುಹುಣ್ಣು, ಕಾಲರಾಗಳಿಂದ ಅವರು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಆದರೂ ೧೯೩೭ರಲ್ಲೇ ಅಚ್ಚಾಗಿದ್ದ ವಿಷಯವನ್ನು ನಾಲ್ಕು ದಶಕಗಳ ಅನಂತರವೂ ಪ್ರತಿ ಕೊಳವೆಯ ಬಾಯಲ್ಲಿ ಪರೀಕ್ಷಿಸಿ ನೋಡಲಿಲ್ಲವೆಂಬುದು ವ್ಯಸನದ ಸಂಗತಿ. ಬೇಸಾಯಕ್ಕಾಗಿ ಕೊರೆದ ಬೋರುಗಳು ಒಂದನ್ನೊಂದು ಮೀರಿಸಿ ಆಳಕ್ಕಿಳಿದಂತೆ ಮೇಲಿನ ಬಾವಿಗಳು ಬತ್ತಿದುವು. ಕುಡಿಯುವ ನೀರೂ ಆಳದಿಂದಲೇ ಬರಬೇಕಾಯಿತು. ಊರ ಕೆರೆಗೆ ಹೂಳೆತ್ತುವವರಿಲ್ಲದಾಯಿತು. ಕೆರೆಯ ಪೋಷಣೆಗೆಂದೇ ಬಿತ್ತುವಟ್ಟದ ಭೂಮಿ ಬಿಟ್ಟ ಹಿಂದಿನವರ ಶಾಸನಗಳನ್ನು ತರಗತಿಯಲ್ಲಿ ಅರ್ಥ ಹೇಳಿ ಓದಿಸುವಾಗ ನನಗೆ ಇದೇ ನೆನಪು.

ಕೂಡ್ಲಿಗಿಯ ಕಡೆಯ ಒಂದು ಹಳ್ಳಿಯಲ್ಲಿ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಅಜ್ಜಿ ಗೋಡೆ ಹಿಡಿದು ಎದ್ದು ಬಂದರು. “ವಾಯು ಸೇರ್ಕಂಡೈತಿ ನೋಡ್ರಿ ಮೇಷ್ಟ್ರೆ, ವಯಸ್ಸಾತು” ಎಂದರು. ವಯಸ್ಸು ಕೇಳಿದರೆ ಐವತ್ತೈದು. ನನಗಿಂತ ಒಂದು ವರ್ಷ ಚಿಕ್ಕವರು. ಮೊಮ್ಮಗ ನಕ್ಕಾಗ ಅವನ ಮುಂದಿನ ಹಲ್ಲುಗಳ ಮೇಲೆ ಅಡ್ಡಲಾಗಿ ಕಂದು ಗೆರೆಗಳು. ಆ ಎರಡೂ ಒಂದೇ ಕೊಡದಿಂದ ಬಂದಿರಬಹುದೆಂದು ಆ ಮನೆಯಲ್ಲಿ ಯಾರಿಗೂ ತೋರಿರಲಿಲ್ಲ. ಹುಡುಗನಿಗೆ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜೆಂದು ದಿನಾ ಬೈಗುಳ ಬೀಳುತ್ತಿತ್ತು. ಈ ಕಲೆ ಉಜ್ಜಿದರೆ ಹೋಗುವಂಥದಲ್ಲ. ಹಲ್ಲು ಒಸಡಿನೊಳಗೆ ಬೆಳೆಯುತ್ತಿದ್ದಾಗಲೇ ಮೂಡಿದ್ದು. ಮಕ್ಕಳ ಹಲ್ಲು ಆ ಊರಿನ ನೀರಿನ ಕಡತವಿದ್ದಂತೆ, ಓದಬಲ್ಲವರಿಗೆ.

ಎಲುಬಿನ ಕೇಡು ತಿಳಿಯುವುದು ನಿಧಾನ. ಹತ್ತಿಪ್ಪತ್ತು ವರ್ಷ ಕುಡಿದ ಮೇಲೆ ಮೊದಲು ಬೆನ್ನು, ಕುತ್ತಿಗೆ, ಮಂಡಿಗಳಲ್ಲಿ ನೋವು, ಬೆಳಗಿನ ಬಿಗಿತ. ಅನಂತರ ಕೀಲುಗಳ ಸುತ್ತಲಿನ ನಾರುಗಳು ಸುಣ್ಣಗಟ್ಟಿ ಅಲುಗದಾಗುತ್ತವೆ. ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುವುದರಿಂದ ಅವರಿಗೆ ಪೆಟ್ಟು ಹೆಚ್ಚು. ಕವಾಯತಿನಲ್ಲಿ ಮಕ್ಕಳಿಗೆ ಮಾಡಿಸುವಂಥ ಮೂರು ಚಲನೆಗಳನ್ನು ದೊಡ್ಡವರು ಮನೆಯಲ್ಲೇ ಮಾಡಿ ನೋಡಬಹುದು: ಗದ್ದವನ್ನು ಎದೆಗೆ ತಾಗಿಸುವುದು, ಮಂಡಿ ಮಡಿಸದೆ ಬಾಗಿ ಕಾಲ ಬೆರಳು ಮುಟ್ಟುವುದು, ತೋಳುಗಳನ್ನು ಅಗಲಿಸಿ, ಮಡಿಸಿ, ತಲೆಯ ಹಿಂಭಾಗವನ್ನು ಮುಟ್ಟುವುದು. ಇವು ಆಗದಿದ್ದರೆ ಫ್ಲೋರೈಡೇ ಎಂದು ತೀರ್ಮಾನಿಸಬಾರದು. ವೈದ್ಯರಿಗೆ ತೋರಿಸಿ, ಕುಡಿಯುವ ನೀರಿನ ವಿಷಯವನ್ನೂ ತಪ್ಪದೆ ಹೇಳಬೇಕು. ಕೈ ಬೆರಳ ಗೆಣ್ಣುಗಳು ಊದಿ ಬೆಳಗ್ಗೆ ಗಂಟೆಗಟ್ಟಲೆ ಬಿಗಿಯುವ ಆಮವಾತ ಬೇರೆ, ವಯಸ್ಸಿನ ಸವೆತ ಬೇರೆ. ಇವನ್ನು ವಿಂಗಡಿಸದೆ ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ನುಂಗುವುದು ಅಪಾಯ. ಕೂಡಲೆ ನೋವು ನಿಲ್ಲಿಸುವ ಇಂಥವುಗಳಲ್ಲಿ ಸ್ಟಿರಾಯ್ಡು ಬೆರೆಸಿರುವುದುಂಟು. ವರ್ಷಗಳ ಮೇಲೆ ಅದು ಎಲುಬನ್ನೇ ತಿನ್ನುತ್ತದೆ.

ಫ್ಲೋರೈಡಿನಿಂದ ಸೆಟೆದುಹೋದ ಬೆನ್ನನ್ನು ಮತ್ತೆ ಬಾಗಿಸುವ ಔಷಧ ಇಂದಿಗೂ ಇಲ್ಲ. ಆರಂಭದ ಘಟ್ಟದಲ್ಲಿ ನೀರನ್ನು ಬದಲಾಯಿಸಿದರೆ ಮಾತ್ರ ನೋವು ತಗ್ಗುವುದುಂಟು. ಆದಕಾರಣ ಈ ಸೀಮೆಯಲ್ಲಿ ಮಂಡಿಗೆ ಎಣ್ಣೆ ಹಚ್ಚುವ ಕೈ ಮೊದಲು ಹರವಿಯ ಮುಚ್ಚಳ ತೆಗೆದು ನೋಡಬೇಕು. ನಮ್ಮ ದೇಶದ ಮಾನಕದ ಪ್ರಕಾರ ಲೀಟರಿಗೆ ೧ ಮಿಲಿಗ್ರಾಂ ಫ್ಲೋರೈಡು ಸಮ್ಮತ. ಬೇರೆ ನೀರಿಲ್ಲದಲ್ಲಿ ೧.೫ರವರೆಗೆ ಸಹ್ಯ. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದಾದ್ದರಿಂದ ಪ್ರತಿಯೊಂದನ್ನೂ ಪರೀಕ್ಷಿಸಿಯೇ ತಿಳಿಯಬೇಕು.

ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾರುಹುಣ್ಣಿಗೆ ಸಾಕಾಗಿದ್ದ ಉಪಾಯ ಇಲ್ಲಿ ಸಾಲದು. ಈಗ ಎಷ್ಟೋ ಊರುಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ನಾನು ಕಂಡಂತೆ ಜನ ಆ ನೀರನ್ನು ಕುಡಿಯುವುದಕ್ಕೆ ಮಾತ್ರ ಇಟ್ಟು, ಅನ್ನ, ಸಾರು, ಚಹಾಗಳಿಗೆ ಬೋರಿನ ನೀರನ್ನೇ ಬಳಸುತ್ತಾರೆ. ಅನ್ನವೂ ಬೇಳೆಯೂ ಹೀರುವ ನೀರು ಕಡಮೆಯದೇ? ಅಡಿಗೆಗೂ ಒಳ್ಳೆಯ ನೀರೇ ಬೇಕು. ಚಹಾದ ಎಲೆಯಲ್ಲಿ ಸ್ವತಃ ಫ್ಲೋರೈಡಿದೆ. ಇಂಥ ಊರುಗಳಲ್ಲಿ ದಿನಕ್ಕೆ ಐದಾರು ಲೋಟ ಕುಡಿಯುವವರು ಎರಡಕ್ಕೆ ಇಳಿಸುವುದು ಲೇಸು. ಊಟದಲ್ಲಿ ಸುಣ್ಣದ ಅಂಶ ಚೆನ್ನಾಗಿದ್ದರೆ ಕೇಡು ಕಡಮೆ. ಹಾಲು, ಮಜ್ಜಿಗೆ, ರಾಗಿ, ನುಗ್ಗೆ ಸೊಪ್ಪು ಇವು ಕೈಗೆ ಸಿಕ್ಕುವಂಥವೇ. ಇನ್ನೊಂದು ಸ್ವಾರಸ್ಯ: ಹುಣಿಸೆ ತಿಂದ ಶಾಲಾ ಬಾಲಕರ ಮೂತ್ರದಲ್ಲಿ ಹೆಚ್ಚು ಫ್ಲೋರೈಡು ಹೊರಬೀಳುತ್ತದೆಂದು ಅದೇ ಪೋಷಣ ಸಂಸ್ಥೆಯವರು ೨೦೦೨ರಲ್ಲಿ ತೋರಿಸಿದರು. ಹುಣಿಸೆಯ ಮರಕ್ಕೆ ನಮ್ಮಲ್ಲಿ ಬರವಿಲ್ಲ. ಹಾಗೆಂದು ಹುಳಿ ಸಾರನ್ನೇ ಔಷಧವೆಂದು ನಂಬಿ ಕೆಟ್ಟ ನೀರನ್ನು ಮುಂದುವರಿಸತಕ್ಕದ್ದಲ್ಲ.

ಹೊಳೆಯ ನೀರನ್ನು ಮೇಲಕ್ಕೆ ಹರಿಸುವ ಕೆಲಸವೂ ನಡೆದಿದೆ. ತುಂಗಭದ್ರೆಯ ಹಿನ್ನೀರಿನಿಂದ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳಿಗೆ ಕುಡಿಯುವ ನೀರು ಒಯ್ಯುವ ಯೋಜನೆಯನ್ನೂ, ಕೂಡ್ಲಿಗಿ ತಾಲ್ಲೂಕಿನ ಕೆರೆಗಳಿಗೆ ಹೊಳೆ ನೀರು ತುಂಬಿಸುವ ಯೋಜನೆಯನ್ನೂ ಸರ್ಕಾರ ಕೈಗೆತ್ತಿಕೊಂಡಿತು. ಕೊಳವೆ ಮನೆಯ ಬಾಗಿಲಿಗೆ ಬರುವತನಕ, ಬಂದ ಮೇಲೂ ಅದು ಕೆಟ್ಟು ನಿಂತ ದಿನಗಳಿಗೆ, ಮಳೆಯ ನೀರುಂಟು. ಅದರಲ್ಲಿ ಫ್ಲೋರೈಡು ಇಲ್ಲವೆಂದೇ ಹೇಳಬಹುದು. ಲೆಕ್ಕ ಹಾಕಿ ನೋಡೋಣ. ೨೦ ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ ೬೦೦ ಮಿಲಿಮೀಟರ್ ಮಳೆ ಬಿದ್ದರೆ ೧೨,೦೦೦ ಲೀಟರ್ ನೀರು. ಐದರಲ್ಲಿ ಒಂದು ಪಾಲು ಪೋಲಾದರೂ ೯,೬೦೦ ಲೀಟರ್ ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ ೨೫ ಲೀಟರೆಂದರೆ ವರ್ಷಕ್ಕೆ ೯,೧೨೫ ಲೀಟರ್. ಬರದ ವರ್ಷ ಪೂರ್ತಿ ಸಾಲದು, ನಿಜ. ನಮ್ಮ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಮೇಲ್ಚಾವಣಿಯಿಂದ ಇಳಿಯುವ ನೀರು ಕೆಂಪಾಗಿರುವುದರಿಂದ ಅದು ಕುಡಿಯಲು ಬಾರದು. ಈಗಿನ ಕಾಂಕ್ರೀಟು ತಾರಸಿಗೆ ಆ ದೋಷವಿಲ್ಲ. ಮೊದಲ ಒಂದೆರಡು ಮಳೆಯನ್ನು ಹರಿಯಬಿಟ್ಟು, ಮರಳು, ಜಲ್ಲಿ, ಇದ್ದಿಲುಗಳ ಮೂಲಕ ಸೋಸಿ, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಬೇಸಿಗೆಗೂ ಸಿಕ್ಕುತ್ತದೆ. ಕುಡಿಯುವ ಮುನ್ನ ಈ ನೀರನ್ನು ಕಾಯಿಸಿಕೊಳ್ಳಬೇಕು.